ಮಣ್ಣಿನಲ್ಲಿರುವುದೆಲ್ಲ ಪೈರಿಗೆ ದಕ್ಕುವುದಿಲ್ಲವೇಕೆ?

ಐವತ್ತು ಕಿಲೋ ತೂಕದ ಡಿಎಪಿ (ಡೈಅಮೋನಿಯಂ ಫಾಸ್ಫೇಟ್) ಗೊಬ್ಬರದ ಚೀಲದ ಮೇಲೆ 18:46 ಎಂದು ಅಚ್ಚಾಗಿರುತ್ತದೆ. ಮೊದಲನೆಯ ಅಂಕಿ ಸಾರಜನಕದ ಶೇಕಡಾ ಪ್ರಮಾಣ, ಎರಡನೆಯದು ರಂಜಕದ್ದು. ಆದರೆ ಎರಡನೆಯ ಅಂಕಿ ರಂಜಕವನ್ನು ಅದರ ಆಕ್ಸೈಡ್ ರೂಪದಲ್ಲಿ ಎಣಿಸುವ ಹಳೆಯ ವಾಡಿಕೆಯಿಂದ ಬಂದದ್ದು. ಆ ಆಕ್ಸೈಡಿನಲ್ಲಿ ನಿಜವಾದ ರಂಜಕ ಇರುವುದು ಶೇ. 44ರಷ್ಟು ಮಾತ್ರ. ಹೀಗಾಗಿ ಒಂದು ಚೀಲದಲ್ಲಿ ಲೆಕ್ಕಕ್ಕೆ 23 ಕಿಲೋ ಇದ್ದರೂ ರಂಜಕವೆಂಬ ಮೂಲವಸ್ತು ಸುಮಾರು 10 ಕಿಲೋ ಇರುತ್ತದೆ. ಇದರ ಪಕ್ಕದಲ್ಲಿ ರಾಗಿಯನ್ನು ಇಟ್ಟು ನೋಡೋಣ. 100 ಗ್ರಾಂ ರಾಗಿಯಲ್ಲಿ ಸುಮಾರು 280 ಮಿಲಿಗ್ರಾಂ ರಂಜಕವಿರುತ್ತದೆ. ಅಂದರೆ ಎಕರೆಗೆ 10 ಕ್ವಿಂಟಾಲ್ ಬೆಳೆದ ರೈತನ ಕಣಜಕ್ಕೆ ಕಾಳಿನೊಡನೆ ಬಂದು ಸೇರುವ ರಂಜಕ 3 ಕಿಲೋವನ್ನೂ ಮುಟ್ಟುವುದಿಲ್ಲ. ಹುಲ್ಲಿನಲ್ಲಿ ಹೋಗುವುದನ್ನು ಸೇರಿಸಿದರೂ ಒಂದು ಚೀಲದ ಅರ್ಧದ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದರಲ್ಲಿಯೂ ಹೆಚ್ಚಿನ ಪಾಲು ಈ ವರ್ಷ ಹಾಕಿದ ಚೀಲದಿಂದ ಬಂದದ್ದಲ್ಲ, ಮಣ್ಣಿನಲ್ಲಿ ಮೊದಲೇ ಇದ್ದ ದಾಸ್ತಾನಿನಿಂದ ಬಂದದ್ದು. ಹಾಕಿದ ರಂಜಕದಲ್ಲಿ ಮೊದಲ ಬೆಳೆ ಹೀರಿಕೊಳ್ಳುವುದು ಸಾಮಾನ್ಯವಾಗಿ ಶೇ. 15ರಿಂದ 20ರಷ್ಟು ಮಾತ್ರ.

ಉಳಿದದ್ದು ಎಲ್ಲಿಗೂ ಓಡಿಹೋಗಿಲ್ಲ. ಅದು ಅದೇ ಹೊಲದಲ್ಲಿ, ಅದೇ ಬೇರಿನಿಂದ ಕೆಲವೇ ಮಿಲಿಮೀಟರ್ ದೂರದಲ್ಲಿ ಕುಳಿತಿದೆ. ಮಣ್ಣಿನಲ್ಲಿ ಇರುವುದು ಬೇರೆ, ಪೈರಿಗೆ ದಕ್ಕುವುದು ಬೇರೆ ಎಂಬ ಈ ವ್ಯತ್ಯಾಸವನ್ನು ಅರಿಯದೆ ಗೊಬ್ಬರದ ಲೆಕ್ಕಾಚಾರ ಅರ್ಥವಾಗುವುದಿಲ್ಲ.

ಸಸ್ಯಕ್ಕೆ ಏನೇನು ಬೇಕು ಎಂಬುದರಲ್ಲಿ ಈಗ ಹೆಚ್ಚಿನ ವಿವಾದವಿಲ್ಲ. ಒಂದು ಮೂಲವಸ್ತು ಅತ್ಯಗತ್ಯ ಎನ್ನಬೇಕಾದರೆ ಅದಿಲ್ಲದೆ ಗಿಡ ತನ್ನ ಜೀವನಚಕ್ರವನ್ನು ಪೂರೈಸಬಾರದು, ಅದರ ಕೆಲಸವನ್ನು ಬೇರೊಂದು ವಸ್ತು ಮಾಡಬಾರದು, ಅದು ಗಿಡದ ಒಳಗಿನ ಕ್ರಿಯೆಯಲ್ಲಿ ನೇರವಾಗಿ ಭಾಗವಹಿಸಬೇಕು ಎಂಬ ಮೂರು ಒರೆಗಲ್ಲುಗಳನ್ನು ಆರ್ನನ್ ಮತ್ತು ಸ್ಟೌಟ್ ಎಂಬ ವಿಜ್ಞಾನಿಗಳು 1939ರಲ್ಲಿ ಮುಂದಿಟ್ಟರು. ಆ ಪ್ರಕಾರ ಇಂದು 17 ಮೂಲವಸ್ತುಗಳನ್ನು ಅತ್ಯಗತ್ಯವೆಂದು ಎಣಿಸುತ್ತಾರೆ. ಇಂಗಾಲ, ಜಲಜನಕ, ಆಮ್ಲಜನಕಗಳು ಗಾಳಿ ಮತ್ತು ನೀರಿನಿಂದ ಬರುತ್ತವೆ. ಉಳಿದ 14 ಬೇರಿನ ದಾರಿಯಿಂದಲೇ ಬರಬೇಕು. ನಮ್ಮ ವಿಷಯ ಈ ಹದಿನಾಲ್ಕರ ದಾರಿ.

ಆ ದಾರಿ ಎಷ್ಟು ಉದ್ದ ಎಂಬುದು ಪೋಷಕಾಂಶದಿಂದ ಪೋಷಕಾಂಶಕ್ಕೆ ಬೇರೆಯಾಗುತ್ತದೆ. ಎಲೆಗಳು ಆವಿಯಾಗಿಸುವ ನೀರನ್ನು ಬೇರು ಮಣ್ಣಿನಿಂದ ಎಳೆದುಕೊಳ್ಳುವಾಗ ಆ ನೀರಿನಲ್ಲಿ ಕರಗಿರುವ ನೈಟ್ರೇಟ್, ಸುಣ್ಣಾಂಶ, ಮೆಗ್ನೀಷಿಯಂ ಮೊದಲಾದವು ಪ್ರವಾಹದೊಡನೆ ತೇಲಿ ಬಂದಂತೆ ಬೇರಿನ ಬಾಗಿಲಿಗೆ ಬರುತ್ತವೆ. ಮಣ್ಣಿನ ನೀರಿನಲ್ಲಿ ರಂಜಕ ಕರಗಿರುವ ಪ್ರಮಾಣ ತೀರ ಕಡಿಮೆ. ಇಡೀ ಬೆಳೆಗಾಲದಲ್ಲಿ ಪೈರು ಕುಡಿಯುವ ನೀರೆಲ್ಲವೂ ಸೇರಿ ತಂದುಕೊಡುವ ರಂಜಕ ಅದರ ಅಗತ್ಯದ ಒಂದು ಸಣ್ಣ ಪಾಲು ಮಾತ್ರ. ಹೀಗಾಗಿ ರಂಜಕ ವಿಸರಣದಿಂದ, ಅಂದರೆ ಹೆಚ್ಚು ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಕಣಕಣವಾಗಿ ಸರಿಯುತ್ತ ಬರಬೇಕು. ಹದವಾಗಿ ತೇವವಿರುವ ಮಣ್ಣಿನಲ್ಲಿ ನೈಟ್ರೇಟ್ ಈ ರೀತಿ ದಿನಕ್ಕೆ ಸುಮಾರು 3 ಮಿಲಿಮೀಟರ್ ಸರಿದರೆ, ಪೊಟ್ಯಾಷ್ ಒಂದು ಮಿಲಿಮೀಟರಿನ ಆಸುಪಾಸು ಸರಿಯುತ್ತದೆ; ರಂಜಕ ಸರಿಯುವುದು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಬೇರಿನಿಂದ ಒಂದು ಅಂಗುಲ ದೂರವಿರುವ ರಂಜಕದ ಕಣಕ್ಕೆ ಆ ಬೆಳೆಯ ಮಟ್ಟಿಗೆ ಬೇರು ತಲುಪುವ ಆಸೆಯೇ ಇಲ್ಲ. ಮಳೆ ಕೈಕೊಟ್ಟು ಮಣ್ಣು ಒಣಗಿದರೆ ಕಣಗಳ ಸುತ್ತಲಿನ ನೀರಿನ ಪದರ ತೆಳುವಾಗಿ, ದಾರಿ ಸುತ್ತುಬಳಸಾಗಿ, ಈ ನಡಿಗೆ ಇನ್ನೂ ನಿಧಾನವಾಗುತ್ತದೆ. ಆದ್ದರಿಂದ ಬರದ ವರ್ಷಗಳಲ್ಲಿ ನೀರಿನ ಕೊರತೆಯೆಂದು ಕಾಣುವುದರ ಒಳಗೆ ರಂಜಕದ ಕೊರತೆಯೂ ಅಡಗಿರುತ್ತದೆ.

ಕಣ ಬೇರಿನ ಬಳಿಗೆ ಬರಲಾರದಿದ್ದರೆ ಬೇರೇ ಅದರ ಬಳಿಗೆ ಹೋಗಬೇಕು. ತಿಂಗಳ ಪೈರಾದ ರಾಗಿಯ ಗಿಡವೊಂದನ್ನು ಹದವಿರುವಾಗ ಸಣ್ಣ ಗುದ್ದಲಿಯಿಂದ ಮಣ್ಣಿನ ಹೆಂಟೆಸಮೇತ ಎತ್ತಿ, ಮೆಲ್ಲಗೆ ಕೊಡವಿ ನೋಡಿ. ಹಳೆಯ ಬೇರುಗಳಿಂದ ಮಣ್ಣು ಉದುರಿ ಅವು ಬೋಳಾಗುತ್ತವೆ. ಎಳೆಯ ಬೇರುಗಳ ತುದಿಯ ಹಿಂದೆ ಮಾತ್ರ ಕೆಂಪು ಮಣ್ಣು ಅಂಗಿಯ ತೋಳಿನಂತೆ ಸುತ್ತಲೂ ಅಂಟಿಕೊಂಡು ಉಳಿಯುತ್ತದೆ, ಕೊಡವಿದರೂ ಬಿಡುವುದಿಲ್ಲ. ಆ ಮಣ್ಣನ್ನು ಹಿಡಿದಿರುವುದು ಬೇರುರೋಮಗಳು. ಒಂದೊಂದೂ ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ದಪ್ಪ, ಹೆಚ್ಚೆಂದರೆ ಒಂದು ಒಂದೂವರೆ ಮಿಲಿಮೀಟರ್ ಉದ್ದ. ಬೇರು ತನ್ನ ಸುತ್ತಲಿನ ರಂಜಕವನ್ನು ಬರಿದುಮಾಡುವ ವಲಯ ಹೆಚ್ಚುಕಡಿಮೆ ಈ ರೋಮಗಳ ಉದ್ದಕ್ಕೇ ಮುಗಿಯುತ್ತದೆ. ಅದರಾಚೆಗೆ ಕೈಚಾಚಲು ಗಿಡಕ್ಕೆ ಇನ್ನೊಂದು ನೆರವಿದೆ: ಮೈಕೊರೈಜಾ ಶಿಲೀಂಧ್ರ. ಬೇರಿನೊಳಗೆ ನೆಲೆಸಿ ಗಿಡದಿಂದ ಸಕ್ಕರೆ ಪಡೆಯುವ ಇದರ ಎಳೆಗಳು ಬೇರುರೋಮಕ್ಕಿಂತಲೂ ತೆಳುವಾಗಿದ್ದು, ಹಲವು ಸೆಂಟಿಮೀಟರ್ ದೂರದವರೆಗೆ ಹಬ್ಬಿ ರಂಜಕವನ್ನೂ ಸತುವನ್ನೂ ತಂದುಕೊಡುತ್ತವೆ. ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು. ರಂಜಕದ ಗೊಬ್ಬರ ಅತಿಯಾದ ಹೊಲದಲ್ಲಿ ಗಿಡ ಈ ನಂಟನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತದೆ. ಸಕ್ಕರೆ ಕೊಟ್ಟು ಕೊಳ್ಳಬೇಕಾದದ್ದು ಪುಕ್ಕಟೆ ಸಿಗುವಾಗ ಅದು ಶಿಲೀಂಧ್ರವನ್ನು ಸಾಕುವುದಿಲ್ಲ. ಆಮೇಲೆ ಸತುವಿನ ಕೊರತೆ ತಲೆದೋರಿದರೆ ಅಚ್ಚರಿಪಡಬೇಕಾಗಿಲ್ಲ.

ರಂಜಕ ಇಷ್ಟು ನಿಧಾನವಾಗಿ ಸರಿಯುವುದಕ್ಕೆ ಕಾರಣ ಅದರ ಅಂಟಿಕೊಳ್ಳುವ ಗುಣ. ದಕ್ಷಿಣ ಕರ್ನಾಟಕದ ಕೆಂಪು ಮಣ್ಣಿಗೆ ಬಣ್ಣ ಕೊಟ್ಟಿರುವುದು ಕಬ್ಬಿಣದ ಆಕ್ಸೈಡು; ಅದೇ ಕಬ್ಬಿಣ, ಜೊತೆಗೆ ಅಲ್ಯೂಮಿನಿಯಂ, ರಂಜಕವನ್ನು ಬಿಗಿಯಾಗಿ ಹಿಡಿದಿಡುತ್ತವೆ. ಉತ್ತರದ ಸುಣ್ಣ ತುಂಬಿದ ಕಪ್ಪು ಎರೆ ಭೂಮಿಯಲ್ಲಿ ಇದೇ ಕೆಲಸವನ್ನು ಕ್ಯಾಲ್ಸಿಯಂ ಮಾಡುತ್ತದೆ. ಎರಡಕ್ಕೂ ನಡುವೆ, ಪಿಎಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ) 6ರಿಂದ 7ರೊಳಗೆ, ರಂಜಕ ತಕ್ಕಮಟ್ಟಿಗೆ ಸಡಿಲವಾಗಿರುತ್ತದೆ.

ಈ ಬೀಗವನ್ನು ತೆಗೆಯುವ ಕೀಲಿ ಕೆಲವು ಬೆಳೆಗಳ ಬೇರಿನಲ್ಲಿಯೇ ಇದೆ ಎಂಬುದಕ್ಕೆ ನನಗೆ ಬಹಳ ಮೆಚ್ಚುಗೆಯಾದ ಉದಾಹರಣೆ ತೊಗರಿಯದು. ಹೈದರಾಬಾದಿನ ಬಳಿಯ ಪಟಾಂಚೆರುವಿನಲ್ಲಿರುವ, ಒಣಭೂಮಿ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆಯಾದ ಇಕ್ರಿಸ್ಯಾಟ್‌ನಲ್ಲಿ ಕೆಲಸ ಮಾಡುತ್ತಿದ್ದ ಜಪಾನಿ ವಿಜ್ಞಾನಿಗಳು ಮತ್ತು ಅವರ ಸಂಗಡಿಗರು 1990ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ರಂಜಕದ ಗೊಬ್ಬರ ಹಾಕದ ಕೆಂಪು ಮಣ್ಣಿನಲ್ಲಿ ಜೋಳ ಮೊದಲಾದ ಬೆಳೆಗಳು ಸೊರಗಿದರೆ ತೊಗರಿ ಮಾತ್ರ ಬೆಳೆಯುತ್ತಿತ್ತು. ಕಬ್ಬಿಣಕ್ಕೆ ಅಂಟಿಕೊಂಡ ರಂಜಕವೇ ಕೆಂಪು ಮಣ್ಣಿನಲ್ಲಿ ಹೆಚ್ಚು, ಮತ್ತು ಅದನ್ನು ತೊಗರಿ ಬಳಸಿಕೊಳ್ಳಬಲ್ಲದು. ಕಾರಣ ಹುಡುಕಿದಾಗ ಅದರ ಬೇರು ಸ್ರವಿಸುವ ಪಿಸಿಡಿಕ್ ಆಮ್ಲ ಕಂಡುಬಂತು. ಈ ಆಮ್ಲ ಕಬ್ಬಿಣವನ್ನು ತಾನು ಹಿಡಿದುಕೊಂಡು, ಕಬ್ಬಿಣ ಹಿಡಿದಿದ್ದ ರಂಜಕವನ್ನು ಬಿಡಿಸುತ್ತದೆ. ಹೀಗೆ ಬಿಡುಗಡೆಯಾದ ರಂಜಕ ತೊಗರಿಯ ಉದುರೆಲೆ ಮತ್ತು ಬೇರಿನ ಮೂಲಕ ಮುಂದಿನ ಬೆಳೆಗೂ ಒದಗುವ ಸಾಧ್ಯತೆಯಿದೆ. ರಾಗಿ ಹೊಲದಲ್ಲಿ ತೊಗರಿ, ಅವರೆ, ಹುಚ್ಚೆಳ್ಳುಗಳ ಅಕ್ಕಡಿ ಸಾಲು ಹಾಕುತ್ತಿದ್ದ ನಮ್ಮ ಹಿರಿಯರಿಗೆ ಪಿಸಿಡಿಕ್ ಆಮ್ಲದ ಹೆಸರು ಗೊತ್ತಿರಲಿಲ್ಲ; ಅವರು ಅದನ್ನು ಮುಖ್ಯವಾಗಿ ಮನೆಯ ಬೇಳೆಕಾಳಿಗಾಗಿ, ಒಂದು ಹೋದರೆ ಇನ್ನೊಂದು ಉಳಿಯಲಿ ಎಂಬ ಮುಂದಾಲೋಚನೆಯಿಂದ ಹಾಕುತ್ತಿದ್ದರು. ಆದರೂ ಕೆಂಪು ಮಣ್ಣಿಗೆ ಆ ಸಾಲು ಎಷ್ಟು ತಕ್ಕದ್ದಾಗಿತ್ತು ಎಂಬುದು ಈಗ ತಿಳಿಯುತ್ತದೆ.

ಇದರ ಜೋಡಿ ಕತೆ ಸುಣ್ಣದ ಭೂಮಿಯ ಶೇಂಗಾದ್ದು. ಅಂಥ ಭೂಮಿಯಲ್ಲಿ ಶೇಂಗಾದ ಎಳೆಯ ಎಲೆಗಳು ನರಗಳಷ್ಟೇ ಹಸಿರಾಗಿ ಉಳಿದು, ನಡುವಿನ ಭಾಗವೆಲ್ಲ ಬಿಳಿಚಿಕೊಳ್ಳುವುದನ್ನು ನೋಡಿದವರು ಬಹಳ. ಅದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ, ಕರಗಿದ ರೂಪದಲ್ಲಿ ಇಲ್ಲವೆಂದು. ದ್ವಿದಳ ಸಸ್ಯಗಳು ಬೇರಿನ ಸುತ್ತ ಆಮ್ಲ ಬಿಟ್ಟು, ಕಬ್ಬಿಣವನ್ನು ಅಪಕರ್ಷಿಸಿ, ಅಂದರೆ ಕರಗುವ ರೂಪಕ್ಕೆ ತಂದು, ಹೀರಿಕೊಳ್ಳುತ್ತವೆ. ಸುಣ್ಣ ಆ ಆಮ್ಲವನ್ನು ಕೂಡಲೇ ಶಮನಗೊಳಿಸಿಬಿಡುತ್ತದೆ. ಜೋಳ, ಮೆಕ್ಕೆಜೋಳ, ರಾಗಿಯಂಥ ಹುಲ್ಲಿನ ಜಾತಿಯ ಬೆಳೆಗಳ ದಾರಿ ಬೇರೆ: ಅವು ಕಬ್ಬಿಣವನ್ನು ಕೊಂಡಿಯಂತೆ ಹಿಡಿಯುವ ವಸ್ತುವನ್ನು ಹೊರಗೆ ಬಿಟ್ಟು, ಕಬ್ಬಿಣಸಮೇತ ಅದನ್ನು ಒಳಗೆ ಎಳೆದುಕೊಳ್ಳುತ್ತವೆ. ಚೀನಾದಲ್ಲಿ ಸುಣ್ಣದ ಮಣ್ಣಿನ ಮೇಲೆ ನಡೆದ ಪ್ರಯೋಗಗಳಲ್ಲಿ ಮೆಕ್ಕೆಜೋಳದ ಸಾಲಿನ ಪಕ್ಕದಲ್ಲಿದ್ದ ಶೇಂಗಾ ಹಸಿರಾಗಿ, ದೂರದ್ದು ಹಳದಿಯಾಗಿ ಕಂಡಿತು. ಒಂದು ಬೆಳೆಯ ಬೇರಿನ ಕೆಲಸ ನೆರೆಯ ಬೆಳೆಗೂ ಒದಗುತ್ತದೆ ಎಂಬುದು ಏಕಬೆಳೆಯ ಲೆಕ್ಕದಲ್ಲಿ ಬಿಟ್ಟುಹೋಗುವ ಅಂಶ.

ಬೇರಿನ ಬಾಗಿಲಿಗೆ ಬಂದದ್ದು ಒಳಗೆ ಹೋಗುವುದೂ ಸುಲಭವಲ್ಲ. ಮಣ್ಣಿನ ನೀರಿನಲ್ಲಿರುವುದಕ್ಕಿಂತ ಜೀವಕೋಶದ ಒಳಗೆ ರಂಜಕದ ಸಾಂದ್ರತೆ ಸಾವಿರ ಪಟ್ಟಿನಷ್ಟು ಹೆಚ್ಚು. ಏರಿಗೆ ನೀರೆತ್ತಿದಂತೆ ಇಲ್ಲಿ ಶಕ್ತಿ ಖರ್ಚಾಗಬೇಕು. ಬೇರಿನ ಕೋಶಗಳು ಸಕ್ಕರೆಯನ್ನು ಉಸಿರಾಟದಲ್ಲಿ ಉರಿಸಿ, ಆ ಶಕ್ತಿಯಿಂದ ಪ್ರೋಟಾನುಗಳನ್ನು (ಜಲಜನಕದ ಧನ ಕಣಗಳನ್ನು) ಹೊರಗೆ ತಳ್ಳುತ್ತವೆ. ಅವು ಮರಳಿ ಒಳನುಗ್ಗುವಾಗ ಪೊರೆಯಲ್ಲಿರುವ ವಾಹಕ ಪ್ರೋಟೀನುಗಳ ಮೂಲಕ ರಂಜಕವನ್ನೂ ನೈಟ್ರೇಟನ್ನೂ ಜೊತೆಗೆ ಕರೆದುಕೊಂಡು ಬರುತ್ತವೆ. ಉಸಿರಾಟಕ್ಕೆ ಗಾಳಿ ಬೇಕು. ನೀರು ನಿಂತ ಮೆಕ್ಕೆಜೋಳದ ಹೊಲ ನಾಲ್ಕೈದು ದಿನಗಳಲ್ಲಿ ಹಳದಿಯಾಗುವುದಕ್ಕೆ ಒಂದು ಕಾರಣ ಇದೇ: ಉಸಿರುಕಟ್ಟಿದ ಬೇರು ಪಕ್ಕದಲ್ಲಿರುವುದನ್ನೂ ಎತ್ತಿಕೊಳ್ಳಲಾರದು. ಅಂಥ ಹೊಲಕ್ಕೆ ಮೊದಲು ಬೇಕಾದದ್ದು ಬಸಿಗಾಲುವೆ, ಯೂರಿಯಾ ಆಮೇಲೆ. ಭತ್ತ ಮಾತ್ರ ಕಾಂಡದಿಂದ ಬೇರಿನವರೆಗೆ ಗಾಳಿಯ ಕೊಳವೆಗಳನ್ನು ಇಟ್ಟುಕೊಂಡಿರುವುದರಿಂದ ಕೆಸರಿನಲ್ಲಿಯೂ ಉಣ್ಣಬಲ್ಲದು.

ಸಾರಜನಕದ ಸ್ವಭಾವ ರಂಜಕಕ್ಕೆ ತದ್ವಿರುದ್ಧ. ರಂಜಕ ಕುಳಿತಲ್ಲಿಂದ ಏಳುವುದಿಲ್ಲ, ಸಾರಜನಕ ನಿಂತಲ್ಲಿ ನಿಲ್ಲುವುದಿಲ್ಲ. 45 ಕಿಲೋದ ಯೂರಿಯಾ ಚೀಲದಲ್ಲಿ ಶೇ. 46ರಂತೆ ಸುಮಾರು 20.7 ಕಿಲೋ ಸಾರಜನಕವಿರುತ್ತದೆ. ನೀರು ನಿಲ್ಲಿಸಿದ ಭತ್ತದ ಗದ್ದೆಯಲ್ಲಿ ಪೈರಿಗೆ ದಕ್ಕುವುದು ಸಾಮಾನ್ಯವಾಗಿ ಅದರ ಮೂರನೆಯ ಒಂದು ಭಾಗದ ಆಸುಪಾಸು. ಬೆಳಿಗ್ಗೆ ಕೊಟ್ಟಿಗೆಯ ಬಾಗಿಲು ತೆರೆದಾಗ ಮೂಗಿಗೆ ಬಡಿಯುವ ಗಂಜಲದ ಘಾಟನ್ನು ನೆನೆಸಿಕೊಂಡರೆ ಈ ನಷ್ಟದ ಮೊದಲ ದಾರಿ ಅರ್ಥವಾಗುತ್ತದೆ. ಗಂಜಲದಲ್ಲಿರುವುದೂ ಯೂರಿಯಾವೇ, ಯೂರಿಯೇಸ್ ಎಂಬ ಕಿಣ್ವ ಅದನ್ನು ಒಡೆದಾಗ ಅಮೋನಿಯಾ ಹೊರಟು ಗಾಳಿಗೆ ಸೇರುತ್ತದೆ. ಮಣ್ಣಿನ ಮೇಲೆ ಬಿದ್ದಿರುವ ಯೂರಿಯಾ ಹರಳಿನ ಸುತ್ತ ಕೆಲವೇ ದಿನಗಳಲ್ಲಿ ಇದೇ ನಡೆಯುತ್ತದೆ. ಗದ್ದೆಯಲ್ಲಿ ನಿಂತ ನೀರಿಗೆ ನಡುಹಗಲಿನಲ್ಲಿ ಎರಚಿದರೆ ನಷ್ಟ ಇನ್ನೂ ಹೆಚ್ಚು, ಏಕೆಂದರೆ ಬಿಸಿಲಿನಲ್ಲಿ ನೀರಿನ ಪಾಚಿ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನೀರನ್ನು ಕ್ಷಾರವಾಗಿಸುತ್ತದೆ, ಕ್ಷಾರದಲ್ಲಿ ಅಮೋನಿಯಾ ನಿಲ್ಲುವುದಿಲ್ಲ. ನೀರು ಬಸಿದು, ಮೇಲುಗೊಬ್ಬರ ಕೊಟ್ಟು, ಆಮೇಲೆ ನೀರು ಕಟ್ಟಬೇಕೆಂಬ ಸಲಹೆಯ ಹಿಂದೆ ಈ ಕಾರಣವಿದೆ.

ಎರಡನೆಯ ದಾರಿ ಕಣ್ಣಿಗೆ ಕಾಣದು, ಆದರೆ ಅದರ ಗುರುತು ಕಾಣುತ್ತದೆ. ಕೆಲವು ವಾರ ನೀರು ನಿಂತ ಗದ್ದೆಯ ಕೆಸರನ್ನು ಕುಡಗೋಲಿನಿಂದ ನೆಟ್ಟಗೆ ಸೀಳಿ ನೋಡಿದರೆ ಮೇಲಿನ ಕೆಲವು ಮಿಲಿಮೀಟರ್ ಕಂದು ಬಣ್ಣವಿದ್ದು, ಕೆಳಗೆಲ್ಲ ಬೂದಿಬಣ್ಣ ಕಾಣುತ್ತದೆ. ಕಂದು ಪದರದಲ್ಲಿ ಆಮ್ಲಜನಕ ಇದೆ, ಬೂದು ಪದರದಲ್ಲಿ ಇಲ್ಲ. ಮೇಲೆ ಬಿದ್ದ ಅಮೋನಿಯಂ ಕಂದು ಪದರದಲ್ಲಿ ಬ್ಯಾಕ್ಟೀರಿಯಾಗಳಿಂದ ನೈಟ್ರೇಟಾಗಿ, ನೈಟ್ರೇಟ್ ನೀರಿನೊಡನೆ ಬೂದು ಪದರಕ್ಕೆ ಇಳಿದು, ಅಲ್ಲಿ ಉಸಿರಿಗಾಗಿ ಹಾತೊರೆಯುವ ಬೇರೆ ಬ್ಯಾಕ್ಟೀರಿಯಾಗಳ ಕೈಗೆ ಸಿಕ್ಕಿ ಸಾರಜನಕದ ಅನಿಲವಾಗಿ, ಒಂದಿಷ್ಟು ಭೂಮಿಯನ್ನು ಬಿಸಿಯಾಗಿಸುವ ನೈಟ್ರಸ್ ಆಕ್ಸೈಡಾಗಿ, ಹಾರಿಹೋಗುತ್ತದೆ. ತಳಗೊಬ್ಬರವನ್ನು ನಾಟಿಗೆ ಮುಂಚೆ ಕೆಸರಿನ ಆಳಕ್ಕೆ ಬೆರೆಸಿಬಿಟ್ಟರೆ ಅಮೋನಿಯಂ ಬೂದು ಪದರದಲ್ಲಿ ಅಮೋನಿಯಂ ಆಗಿಯೇ ಉಳಿಯುತ್ತದೆ. ಬೇವಿನೆಣ್ಣೆ ಲೇಪಿಸಿದ ಯೂರಿಯಾದ ಉದ್ದೇಶವೂ ನೈಟ್ರೇಟಾಗುವ ಮೊದಲ ಹೆಜ್ಜೆಯನ್ನು ನಿಧಾನಗೊಳಿಸುವುದು. 2015ರಿಂದ ನಮ್ಮ ದೇಶದಲ್ಲಿ ತಯಾರಾಗುವ ಕೃಷಿ ಯೂರಿಯಾಕ್ಕೆಲ್ಲ ಈ ಲೇಪ ಕಡ್ಡಾಯವಾಗಿದೆ. ಕೆಂಪು ಮರಳು ಭೂಮಿಯ ಖುಷ್ಕಿ ಬೆಳೆಯಲ್ಲಾದರೆ ನೈಟ್ರೇಟ್ ಜಡಿಮಳೆಯೊಡನೆ ಬೇರಿನ ಕೆಳಗೆ ಇಳಿದು ಅಂತರ್ಜಲ ಸೇರುತ್ತದೆ.

ಹೀಗೆ ಓಡುವುದನ್ನು ಹಿಡಿಯಲು ಇರುವ ಉಪಾಯ ಸಮಯ. ಭತ್ತಕ್ಕೆ ತೆಂಡೆ ಒಡೆಯುವಾಗ ಮತ್ತು ತೆನೆಗಟ್ಟುವ ಆರಂಭದಲ್ಲಿ ಸಾರಜನಕ ಹೆಚ್ಚು ಬೇಕು. ಎಲೆಯ ಹಸಿರನ್ನು ಬಣ್ಣದ ಪಟ್ಟಿಯೊಡನೆ ಹೋಲಿಸಿ, ನಿಗದಿಯಾದ ಬಣ್ಣಕ್ಕಿಂತ ಬಿಳಿಚಿದಾಗ ಮಾತ್ರ ಮೇಲುಗೊಬ್ಬರ ಕೊಡುವ ಕ್ರಮ ಅಗ್ಗದ್ದೂ ಸರಳವೂ ಆದದ್ದು. ಅದು ಇನ್ನೂ ಹೆಚ್ಚು ರೈತರ ಕೈಸೇರಬೇಕಿತ್ತು ಎಂಬುದು ನನ್ನ ಅನಿಸಿಕೆ.

ಇಷ್ಟಾದ ಮೇಲೆ ದಕ್ಷತೆ ಎಂಬ ಮಾತನ್ನು ಎಚ್ಚರದಿಂದ ಬಳಸಬಹುದು. ಲೆಕ್ಕಕ್ಕೆಂದು ಒಂದು ಹೊಲವನ್ನು ಊಹಿಸಿಕೊಳ್ಳೋಣ. ಸಾರಜನಕ ಕೊಡದ ತಾಕಿನಲ್ಲಿ ಬೆಳೆ 40 ಕಿಲೋ ಹೀರಿಕೊಂಡಿತು, 100 ಕಿಲೋ ಕೊಟ್ಟ ತಾಕಿನಲ್ಲಿ 75 ಕಿಲೋ. ಹೆಚ್ಚಾದ 35 ಕಿಲೋವನ್ನು ಕೊಟ್ಟ 100ಕ್ಕೆ ಹೋಲಿಸಿದರೆ ಹೀರುವ ದಕ್ಷತೆ ಶೇ. 35. ಹೀರಿಕೊಂಡದ್ದನ್ನು ಗಿಡ ಎಷ್ಟು ಕಾಳಾಗಿ ಮಾರ್ಪಡಿಸಿತು ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಬಳಕೆಯ ದಕ್ಷತೆ ಎನ್ನುತ್ತಾರೆ. ಹೊಟ್ಟೆ ತುಂಬ ಉಂಡು ಹುಲ್ಲು ಬೆಳೆದು ನೆಲಕ್ಕೊರಗುವ ಭತ್ತ ಮೊದಲನೆಯದರಲ್ಲಿ ಗೆದ್ದು ಎರಡನೆಯದರಲ್ಲಿ ಸೋಲುತ್ತದೆ. ಇನ್ನೊಂದು ಮಾತು: ಗೊಬ್ಬರ ಕಡಿಮೆ ಕೊಟ್ಟಷ್ಟೂ ದಕ್ಷತೆಯ ಅಂಕಿ ಏರುತ್ತದೆ. ಕೊಟ್ಟದ್ದಕ್ಕಿಂತ ಹೆಚ್ಚನ್ನು ಬೆಳೆ ಕೊಂಡೊಯ್ಯುವ ಹೊಲದಲ್ಲಿ ಅಂಕಿ ಬಹಳ ಚೆನ್ನಾಗಿರುತ್ತದೆ, ಮಣ್ಣು ಮಾತ್ರ ವರ್ಷವರ್ಷಕ್ಕೆ ಬರಿದಾಗುತ್ತಿರುತ್ತದೆ. ಆದ್ದರಿಂದ ಒಂದು ವರ್ಷದ ಶೇಕಡಾವಾರನ್ನು ಮಾತ್ರ ನೋಡಿ ತೀರ್ಮಾನಿಸುವುದು ತಪ್ಪು.

ದಕ್ಷತೆ ಒಂದೇ ಪೋಷಕಾಂಶದ ಕೈಯಲ್ಲಿಯೂ ಇಲ್ಲ. ಎಲ್ಲಕ್ಕಿಂತ ಕೊರತೆಯಾದದ್ದು ಇಳುವರಿಯನ್ನು ತಡೆಹಿಡಿಯುತ್ತದೆ ಎಂಬ ತತ್ವವನ್ನು 19ನೆಯ ಶತಮಾನದಲ್ಲಿ ಜರ್ಮನಿಯ ವಿಜ್ಞಾನಿ ಸ್ಪ್ರೆಂಗೆಲ್ ಮೊದಲು ಹೇಳಿದರು, ಅದೇ ದೇಶದ ಲೀಬಿಗ್ ಅದಕ್ಕೆ ಹೆಸರು ತಂದರು. ಕರ್ನಾಟಕ ಸರ್ಕಾರ ಇಕ್ರಿಸ್ಯಾಟ್ ಜೊತೆಗೂಡಿ 2009ರಲ್ಲಿ ಆರಂಭಿಸಿದ ಭೂಚೇತನ ಕಾರ್ಯಕ್ರಮ ಈ ತತ್ವದ ಮೇಲೆಯೇ ನಿಂತಿತ್ತು. ಮಳೆಯಾಶ್ರಿತ ಹೊಲಗಳ ಮಣ್ಣು ಪರೀಕ್ಷೆಯಲ್ಲಿ ಗಂಧಕ, ಸತು, ಬೋರಾನ್ ಕೊರತೆ ವ್ಯಾಪಕವಾಗಿ ಕಂಡುಬಂದಿದ್ದರಿಂದ ಜಿಪ್ಸಂ, ಸತುವಿನ ಸಲ್ಫೇಟ್, ಬೋರಾನ್ ಕೊಡುವುದಕ್ಕೆ ಅಲ್ಲಿ ಒತ್ತು ಸಿಕ್ಕಿತು. ಗಂಧಕವಿಲ್ಲದ ಗಿಡ ಹೀರಿದ ಸಾರಜನಕವನ್ನು ಪ್ರೋಟೀನ್ ಮಾಡಲಾರದು. ಇಂಥ ಹೊಲಕ್ಕೆ ಇನ್ನೊಂದು ಚೀಲ ಯೂರಿಯಾ ಹಾಕುವುದು ಒಡೆದ ಕೊಡಕ್ಕೆ ನೀರು ಹೊಯ್ದಂತೆ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೆಂಪು ಮಣ್ಣಿನಲ್ಲಿ 1986ರಿಂದ ರಾಗಿ ಮತ್ತು ಮೆಕ್ಕೆಜೋಳದ ಮೇಲೆ ದೀರ್ಘಕಾಲದ ಗೊಬ್ಬರ ಪ್ರಯೋಗ ನಡೆಯುತ್ತಿದೆ. ಬರೀ ಸಾರಜನಕ ಕೊಡುತ್ತ ಬಂದ ತಾಕುಗಳಲ್ಲಿ ಮಣ್ಣು ಹುಳಿಯಾಗುತ್ತ, ಇಳುವರಿ ಕುಸಿಯುತ್ತ ಹೋಯಿತು. ಸಾರಜನಕ, ರಂಜಕ, ಪೊಟ್ಯಾಷ್ ಎಂಬ ಮೂರೂ ಮುಖ್ಯ ಪೋಷಕಾಂಶಗಳೊಡನೆ ಕೊಟ್ಟಿಗೆ ಗೊಬ್ಬರ ಪಡೆದ ತಾಕುಗಳು ಫಲವತ್ತಾಗಿ ಉಳಿದವು. ಹುಳಿ ಮಣ್ಣಿನಲ್ಲಿ ಕರಗಿ ಹೊರಬರುವ ಅಲ್ಯೂಮಿನಿಯಂ ಬೇರಿನ ತುದಿಯನ್ನೇ ಮೊಂಡು ಮಾಡುತ್ತದೆ, ಜೊತೆಗೆ ರಂಜಕವನ್ನೂ ಬಿಗಿಯುತ್ತದೆ. ತಿಪ್ಪೆಯ ಗೊಬ್ಬರ ತನ್ನಲ್ಲಿರುವ ಪೋಷಕಾಂಶಕ್ಕಿಂತ ಹೆಚ್ಚಿನ ಕೆಲಸ ಮಾಡುತ್ತದೆ ಎನ್ನುವುದು ಇದಕ್ಕೇ: ಅದರ ಸಾವಯವ ಆಮ್ಲಗಳು ಕಬ್ಬಿಣ, ಅಲ್ಯೂಮಿನಿಯಂಗಳ ಮೇಲೆ ರಂಜಕ ಕೂರುವ ಜಾಗವನ್ನು ತಾವು ಹಿಡಿಯುತ್ತವೆ.

ತಳಿಗಳಲ್ಲಿಯೂ ವ್ಯತ್ಯಾಸವಿದೆ. ಕಸಲತ್ ಎಂಬ ಭಾರತದ ಹಳೆಯ ಭತ್ತದ ತಳಿ ರಂಜಕ ಕಡಿಮೆಯಿರುವ ಮಣ್ಣಿನಲ್ಲಿಯೂ ಬೆಳೆಯುವುದಕ್ಕೆ ಕಾರಣವಾದ ವಂಶವಾಹಿಯನ್ನು 2012ರಲ್ಲಿ ಗುರುತಿಸಲಾಯಿತು. ಅದು ರಂಜಕವನ್ನು ಸಾಗಿಸುವ ವಾಹಕವಲ್ಲ, ಮೊಳಕೆಯ ಹಂತದಲ್ಲಿ ಬೇರು ಬೇಗ ಬೇಗ ಬೆಳೆಯುವಂತೆ ಮಾಡುವ ವಂಶವಾಹಿ. ಇಂದಿನ ಎಷ್ಟೋ ಸುಧಾರಿತ ತಳಿಗಳಲ್ಲಿ ಅದಿಲ್ಲ.

ಮೊಳಕೆಯ ಹಂತಕ್ಕೇ ಇಷ್ಟು ಮಹತ್ವವೇಕೆ ಎಂಬುದಕ್ಕೆ ಉತ್ತರ ಮೊದಲು ಹೇಳಿದ ಚೀಲದ ಲೆಕ್ಕದಲ್ಲಿಯೇ ಇದೆ. ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣಿನ ತೂಕ ಸುಮಾರು 9 ಲಕ್ಷ ಕಿಲೋ. ಹತ್ತು ಕಿಲೋ ರಂಜಕವನ್ನು ಅಷ್ಟು ಮಣ್ಣಿಗೆ ಎರಚಿ ಬೆರೆಸಿದರೆ ಒಂದೊಂದು ಕಿಲೋ ಮಣ್ಣಿಗೆ ಬರುವುದು 11 ಮಿಲಿಗ್ರಾಂ. ಕೆಂಪು ಮಣ್ಣಿನ ಕಬ್ಬಿಣಕ್ಕೆ ಅದನ್ನು ಹಿಡಿದಿಡುವುದು ಕಷ್ಟವೇ ಅಲ್ಲ. ಅದೇ ಗೊಬ್ಬರ, ಅಥವಾ ಅದಕ್ಕಿಂತ ಕಡಿಮೆ, ಕೂರಿಗೆಯ ಸಾಲಿನಲ್ಲಿ ಬೀಜಕ್ಕೆ ತಾಗದಂತೆ ಒಂದೆರಡು ಅಂಗುಲ ಕೆಳಗೆ ಬಿದ್ದರೆ, ಆ ಕಿರಿದಾದ ಪಟ್ಟಿಯ ಮಣ್ಣು ತನ್ನಿಂದ ಹಿಡಿಯಲಾಗುವಷ್ಟನ್ನು ಹಿಡಿದು ಸಾಕಾದ ಮೇಲೂ ಮಿಕ್ಕ ರಂಜಕ ನೀರಿನಲ್ಲಿ ಕರಗಿಯೇ ಉಳಿಯುತ್ತದೆ. ಇನ್ನೂ ಅಂಗುಲಗಳ ಲೆಕ್ಕದಲ್ಲಿರುವ ರಾಗಿಯ ಮೊದಲ ಬೇರುಗಳು ಇಳಿಯುವುದು ಅದೇ ಪಟ್ಟಿಯೊಳಕ್ಕೆ.